ಮೌಸಿನ ಬೆನ್ನು ನಿಮ್ಮ ಅಂಗೈಯನ್ನು ಎಲ್ಲಿ ಮುಟ್ಟುತ್ತದೆ?

ಪ್ರಶ್ನೆ: ದಿನಕ್ಕೆ ಎರಡು ಮೂರು ಗಂಟೆ ಶೂಟಿಂಗ್ ಆಟಗಳನ್ನು ಆಡುತ್ತೇನೆ. ಹೆಸರಾಂತ ಆಟಗಾರರೊಬ್ಬರು ಬಳಸುತ್ತಾರೆ ಎಂಬ ಕಾರಣಕ್ಕೆ ಬಲಗೈಯವರಿಗೆಂದೇ ಮಾಡಿದ ದೊಡ್ಡ ಮೌಸ್ ಒಂದನ್ನು ಕೊಂಡೆ. ಅದರ ಉದ್ದ 128 ಮಿ.ಮೀ., ಎತ್ತರ 44 ಮಿ.ಮೀ. ಒಂದು ಗಂಟೆ ಆಡುವಷ್ಟರಲ್ಲಿ ಕಿರುಬೆರಳು ಸೆಳೆಯುತ್ತದೆ, ಮಣಿಕಟ್ಟು ಬಿಗಿಯುತ್ತದೆ. ನನ್ನ ಕೈಯ ಉದ್ದ 17.5 ಸೆಂ.ಮೀ., ಅಗಲ 8.5 ಸೆಂ.ಮೀ. ನನ್ನದು ಬೆರಳುಗಳನ್ನು ಬಾಗಿಸಿ ಹಿಡಿಯುವ ಕ್ಲಾ ಗ್ರಿಪ್ ಎಂದುಕೊಂಡಿದ್ದೇನೆ. ಆದರೆ ಕೆಲವೊಮ್ಮೆ ಅಂಗೈ ಪೂರ್ತಿ ಒರಗಿಸುವ ಪಾಮ್ ಗ್ರಿಪ್‌ನಂತೆಯೂ ಹಿಡಿದಿರುತ್ತೇನೆ. ಎಂಥ ಮೌಸ್ ಹುಡುಕಲಿ? 30,000 ಡಿಪಿಐ (ಮೌಸ್ ಒಂದು ಇಂಚು ಸರಿದಾಗ ಎಷ್ಟು ಚುಕ್ಕೆ ಎಣಿಸುತ್ತದೆ ಎಂಬ ಅಂಕಿ) ಇರುವುದನ್ನೇ ಕೊಳ್ಳಬೇಕೇ?

ಉತ್ತರ: ಕೈಯ ಅಳತೆ, ಮೌಸಿನ ಅಳತೆ, ನೋಯುವ ಜಾಗ ಮೂರನ್ನೂ ಬರೆದಿದ್ದೀರಿ. ಇಷ್ಟು ವಿವರ ಕೊಟ್ಟು ಕೇಳುವವರು ಕಡಿಮೆ, ಆದ್ದರಿಂದ ಉತ್ತರವನ್ನೂ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಮೊದಲು ಹಿಡಿದದ್ದು ‘ಕೆಲವೊಮ್ಮೆ ಪಾಮ್ ಗ್ರಿಪ್‌ನಂತೆಯೂ’ ಎಂಬ ಮಾತು. ಅದನ್ನು ನಿಮ್ಮ ಅಭ್ಯಾಸದ ಗೊಂದಲವೆಂದು ನೀವು ತಿಳಿದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಮೌಸ್ ಕೈಗಿಂತ ದೊಡ್ಡದಾದಾಗ ಕೈ ನೆಲೆ ಸಿಗದೆ ಹಿಂದೆ ಮುಂದೆ ಜರುಗುತ್ತಲೇ ಇರುತ್ತದೆ. ಗುಂಡಿ ಒತ್ತಲು ಬೆರಳು ಮುಂದೆ ಹೋಗಬೇಕು, ಆಸರೆಗೆ ಅಂಗೈ ಹಿಂದೆ ಬರಬೇಕು. ಎರಡೂ ಒಟ್ಟಿಗೆ ಆಗದೆ ಕೈ ಒಮ್ಮೆ ಹೀಗೆ, ಒಮ್ಮೆ ಹಾಗೆ ಕುಳಿತುಕೊಳ್ಳುತ್ತದೆ. ಆ ಜಗ್ಗಾಟದ ಕೊನೆಯ ಭಾರ ಬೀಳುವುದು ಅಂಚಿನಲ್ಲಿರುವ ಕಿರುಬೆರಳಿನ ಮೇಲೆ.

ಹಿಡಿತವೆಂದರೆ ಕುಳಿತು ಯೋಚಿಸಿ ಆರಿಸಿಕೊಳ್ಳುವ ಶೈಲಿಯಲ್ಲ. ನಿಮ್ಮ ಕೈಯ ಅಳತೆ, ಎದುರಿಗಿರುವ ಮೌಸು, ಆಟ ಕೇಳುವ ವೇಗ ಈ ಮೂರೂ ಸೇರಿ ಅದನ್ನು ತೀರ್ಮಾನಿಸುತ್ತವೆ. ವಿಡಿಯೊದಲ್ಲಿ ಯಾರೋ ಬೆರಳುಗಳನ್ನು ಕಮಾನಿನಂತೆ ಬಾಗಿಸಿ ಹಿಡಿದದ್ದನ್ನು ನೋಡಿ ನಾವೂ ಹಾಗೆಯೇ ಹಿಡಿದರೆ ಹತ್ತು ನಿಮಿಷ ನಡೆದೀತು. ಎದುರಾಳಿ ಕಣ್ಣಿಗೆ ಬಿದ್ದ ಕ್ಷಣ ಕೈ ತನ್ನ ದಾರಿ ತಾನು ಹಿಡಿಯುತ್ತದೆ. ಆ ಕ್ಷಣದ ಹಿಡಿತವೇ ನಿಮ್ಮ ನಿಜವಾದ ಹಿಡಿತ.

ಅದನ್ನು ಕಂಡುಹಿಡಿಯಲು ಮೌಸ್ ಹಿಡಿದು ಕೈಯನ್ನೇ ದಿಟ್ಟಿಸಬೇಡಿ. ನೋಡುತ್ತಿದ್ದರೆ ಕೈ ಭಂಗಿ ಕೊಡುತ್ತದೆ. ಮೊಬೈಲನ್ನು ಪಕ್ಕದಲ್ಲಿ, ಮೇಜಿನ ಮಟ್ಟಕ್ಕೆ ನಿಲ್ಲಿಸಿ ಅರ್ಧ ಗಂಟೆಯ ಆಟವನ್ನು ಚಿತ್ರಿಸಿಕೊಳ್ಳಿ. ಮೊದಲ ಹದಿನೈದು ನಿಮಿಷ ಬಿಟ್ಟು, ಕಾದಾಟದ ಭಾಗಗಳನ್ನು ಮಾತ್ರ ನೋಡಿ. ಇನ್ನೂ ನೆಚ್ಚಬಹುದಾದ ಸಾಕ್ಷಿ ನಿಮ್ಮ ಹಳೆಯ ಮೌಸಿನ ಮೈಮೇಲಿದೆ. ವರ್ಷಗಟ್ಟಲೆ ಬಳಸಿದ ಮೌಸ್ ಇದ್ದರೆ ಅದನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಚರ್ಮ ಸದಾ ತಾಗಿದ ಜಾಗದಲ್ಲಿ ಮೇಲ್ಮೈ ಸವೆದು ಮಿರಿಮಿರಿ ಹೊಳೆಯುತ್ತದೆ. ಬೆನ್ನಿಡೀ ಹೊಳೆಯುತ್ತಿದ್ದರೆ ನಿಮ್ಮದು ಪಾಮ್. ಹಿಂಬದಿಯ ತುದಿ ಮತ್ತು ಗುಂಡಿಗಳ ಮುಂಭಾಗದಲ್ಲಿ ಮಾತ್ರ ಹೊಳಪಿದ್ದು ನಡುವಿನ ಭಾಗ ಹೊಸದರಂತೆ ಇದ್ದರೆ ಕ್ಲಾ. ಹಿಂಬದಿ ಪೂರ್ತಿ ಹೊಸದಾಗಿದ್ದು ಪಕ್ಕಗಳು, ಗುಂಡಿಗಳಷ್ಟೇ ಸವೆದಿದ್ದರೆ ಬೆರಳ ತುದಿಗಳಿಂದಷ್ಟೇ ಹಿಡಿಯುವ ಫಿಂಗರ್‌ಟಿಪ್. ಯಾರ ಸಲಹೆಗಿಂತಲೂ ನಾನು ಈ ಹೊಳಪನ್ನು ಹೆಚ್ಚು ನಂಬುತ್ತೇನೆ.

ಈ ಮೂರು ಹಿಡಿತಗಳು ಮೌಸಿನಿಂದ ಬಯಸುವುದು ಬೇರೆ ಬೇರೆ. ಪಾಮ್ ಗ್ರಿಪ್‌ನಲ್ಲಿ ಅಂಗೈ ಪೂರ್ತಿ ಮೌಸಿನ ಮೇಲೆ ಒರಗಿರುತ್ತದೆ, ಬೆರಳುಗಳು ಚಾಚಿಕೊಂಡಿರುತ್ತವೆ. ಮೌಸನ್ನು ಚಲಿಸುವುದು ಬೆರಳಲ್ಲ, ಮುಂಗೈ ಮತ್ತು ತೋಳು. ಸ್ನಾಯುಗಳಿಗೆ ಇದು ಎಲ್ಲಕ್ಕಿಂತ ಹಗುರವಾದ ಹಿಡಿತ. ಅದಕ್ಕೆ ಉದ್ದವಾದ, ಬೆನ್ನು ತುಂಬಿಕೊಂಡ ಮೌಸ್ ಬೇಕು. ಬೆನ್ನು ಗಿಡ್ಡವಾದರೆ ಅಂಗೈಯ ಕೆಳಗೆ ಟೊಳ್ಳು ಉಳಿದು, ಆ ಟೊಳ್ಳನ್ನು ತುಂಬಲು ಕೈ ತನ್ನಷ್ಟಕ್ಕೆ ಬಿಗಿಯುತ್ತದೆ.

ಫಿಂಗರ್‌ಟಿಪ್ ಇದಕ್ಕೆ ಪೂರ್ತಿ ವಿರುದ್ಧ. ಅಂಗೈ ಮೌಸನ್ನು ಮುಟ್ಟುವುದೇ ಇಲ್ಲ. ಬೆರಳ ತುದಿಗಳಷ್ಟೇ ಅದನ್ನು ಹಿಡಿದು, ಮಡಚಿ ಚಾಚಿ ಮೇಲೆ ಕೆಳಗೆ ಓಡಿಸುತ್ತವೆ. ಹಾಗೆ ಓಡಲು ಮೌಸಿನ ಹಿಂಬದಿಗೂ ಅಂಗೈಗೂ ನಡುವೆ ಖಾಲಿ ಜಾಗ ಇರಬೇಕು. ಆದ್ದರಿಂದ ಮೌಸ್ ಗಿಡ್ಡವಾಗಿ, ತಗ್ಗಾಗಿ, ಹಗುರವಾಗಿ ಇರಲೇಬೇಕು. 108 ಮಿ.ಮೀ. ಉದ್ದದ ರೇಜರ್ ಓರೋಚಿ ವಿ2ನಂಥವು ಈ ಹಿಡಿತದವರಿಗೆ ಹೇಳಿ ಮಾಡಿಸಿದಂಥವು.

ಕ್ಲಾ ಇವೆರಡರ ನಡುವಿನದು. ಎಡವುವವರು ಹೆಚ್ಚು ಇರುವುದೂ ಇಲ್ಲಿಯೇ. ಅಂಗೈಯ ಬುಡ ಮೌಸಿನ ಹಿಂಬದಿಗೆ ಒತ್ತಿ ನಿಲ್ಲುತ್ತದೆ, ಬೆರಳುಗಳು ಬಾಗಿ ತುದಿಯಿಂದ ಗುಂಡಿಗಳನ್ನು ಒತ್ತುತ್ತವೆ. ಹಿಂದೆ ಒಂದು ಗಟ್ಟಿ ಆಸರೆ, ಮುಂದೆ ಚುರುಕಾದ ಬೆರಳು. ಆ ಆಸರೆ ಸರಿಯಾದ ಜಾಗದಲ್ಲಿ ಸಿಕ್ಕರೆ ಕ್ಲಾ ಗ್ರಿಪ್‌ನಷ್ಟು ಹಿತವಾದದ್ದು ಇನ್ನೊಂದಿಲ್ಲ. ಸಿಗದಿದ್ದರೆ ಬಾಗಿದ ಬೆರಳುಗಳು ಆಟದ ಜೊತೆಗೆ ಮೌಸನ್ನು ಹಿಡಿದು ನಿಲ್ಲಿಸುವ ಕೆಲಸವನ್ನೂ ಮಾಡಬೇಕಾಗುತ್ತದೆ. ಕ್ಲಾ ಗ್ರಿಪ್ ಕೈಗೆ ಕೆಟ್ಟದ್ದೆಂಬ ಮಾತು ಹರಡಲು ಇದೇ ಕಾರಣವೆಂದು ನನ್ನ ಅನಿಸಿಕೆ. ಹಿಡಿತದ ತಪ್ಪಿಗಿಂತ ಆಸರೆ ಸಿಗದ ಮೌಸಿನ ತಪ್ಪು ಅಲ್ಲಿ ದೊಡ್ಡದು.

ಹಾಗಾದರೆ ಆಸರೆ ಎಲ್ಲಿರಬೇಕು? ಮೌಸ್ ಕೊಳ್ಳುವಾಗ ಉದ್ದ, ಅಗಲ, ಎತ್ತರ ಎಂಬ ಮೂರು ಅಂಕಿಗಳನ್ನು ಎಲ್ಲರೂ ನೋಡುತ್ತಾರೆ. ಅವು ಹೇಳದೆ ಬಿಡುವ ಸಂಗತಿಯೊಂದಿದೆ: ಬೆನ್ನಿನ ಅತಿ ಎತ್ತರದ ಉಬ್ಬು ಯಾವ ಜಾಗದಲ್ಲಿದೆ ಎಂಬುದು. ಒಂದೇ ಉದ್ದ, ಒಂದೇ ಎತ್ತರದ ಎರಡು ಮೌಸುಗಳಲ್ಲಿ ಒಂದರ ಉಬ್ಬು ನಟ್ಟನಡುವೆ ಇರಬಹುದು, ಇನ್ನೊಂದರದು ಹಿಂಬದಿಗೆ ಸರಿದಿರಬಹುದು. ಕೈಗೆ ಅವೆರಡೂ ಸಂಪೂರ್ಣ ಬೇರೆ ಮೌಸುಗಳು. ಉಬ್ಬು ಹಿಂದಿದ್ದರೆ ಅದು ಕ್ಲಾ ಹಿಡಿತದ ಅಂಗೈಯ ಕುಳಿಯಲ್ಲಿ ಬೆಣೆಯಂತೆ ಕೂರುತ್ತದೆ. ನಡುವೆ ಇದ್ದರೆ ಬೆರಳುಗಳ ಬುಡದ ಕೆಳಗೆ ಬಂದು, ಬಾಗಿದ ಬೆರಳುಗಳನ್ನು ಚಪ್ಪಟೆಯಾಗಲು ಒತ್ತಾಯಿಸುತ್ತದೆ. ನೀವು ಗೊತ್ತಿಲ್ಲದೆ ಪಾಮ್ ಕಡೆಗೆ ಜಾರುತ್ತಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಪರೀಕ್ಷಿಸುವುದು ಸುಲಭ. ಮೌಸನ್ನು ಮೇಜಿನ ಮೇಲಿಟ್ಟು, ಅಂಚು ನೇರವಾಗಿರುವ ಕಾರ್ಡೊಂದನ್ನು ಮೇಜಿಗೆ ಸಮಾನಾಂತರವಾಗಿ ಹಿಡಿದು ಮೇಲಿನಿಂದ ನಿಧಾನವಾಗಿ ಇಳಿಸಿ. ಅದು ಮೊದಲು ತಾಗುವ ಬಿಂದುವೇ ಉಬ್ಬಿನ ತುದಿ. ಅಂತರ್ಜಾಲದಲ್ಲಿ ನೋಡಿ ಕೊಳ್ಳುವುದಾದರೆ ಪಕ್ಕದಿಂದ ತೆಗೆದ ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟರೂ ಸಾಕು. ಮುಂದಿನಿಂದ ಎಣಿಸಿದಾಗ ಉದ್ದದ ಅರ್ಧದ ಆಸುಪಾಸಿನಲ್ಲಿದ್ದರೆ ನಡು ಉಬ್ಬು. ಮೂರನೇ ಎರಡು ಭಾಗದ ಹತ್ತಿರವಿದ್ದರೆ ಹಿಂದಿನ ಉಬ್ಬು. ಮೊದಲ ಬಾರಿ ಇದನ್ನು ಅಳೆದು ನೋಡಿದಾಗ ನಾನೇ ಬೆರಗಾದೆ. ವರ್ಷಗಳಿಂದ ನನಗೆ ಹಿಡಿಸಿದ ಮೌಸುಗಳೆಲ್ಲ ಒಂದು ಗುಂಪಿನವು, ಮೂಲೆ ಸೇರಿದವೆಲ್ಲ ಇನ್ನೊಂದು ಗುಂಪಿನವು. ತೂಕ, ಚಲನೆಯನ್ನು ಗುರುತಿಸುವ ಸೆನ್ಸರ್, ಕಂಪನಿ ಯಾವುದೂ ಅಷ್ಟು ಸ್ಪಷ್ಟವಾಗಿ ಅವನ್ನು ಬೇರ್ಪಡಿಸಿರಲಿಲ್ಲ.

ಈಗ ಅಳತೆಗೆ ಬರೋಣ. ಕೈಯ ಉದ್ದವೆಂದರೆ ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ. ಅಗಲವೆಂದರೆ ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳ ಬುಡದ ಗೆಣ್ಣುಗಳ ಉದ್ದಕ್ಕೂ. ಆಟಗಾರರ ನಡುವೆ ಶೇ 60ರ ಲೆಕ್ಕವೊಂದು ಪ್ರಚಲಿತವಾಗಿದೆ: ಕೈಯುದ್ದದ ಶೇ 60 ಮೌಸಿನ ಉದ್ದ, ಕೈಯಗಲದ ಶೇ 60 ಹಿಡಿಯುವ ಜಾಗದ ಅಗಲ. ನಿಮ್ಮ ಅಳತೆಗೆ ಅನ್ವಯಿಸಿದರೆ ಉದ್ದ 105 ಮಿ.ಮೀ., ಅಗಲ 51 ಮಿ.ಮೀ. ಬರುತ್ತದೆ. ಅಷ್ಟು ಸಣ್ಣ ಮೌಸುಗಳು ಬೆರಳೆಣಿಕೆಯಷ್ಟು, ಅವೂ ಫಿಂಗರ್‌ಟಿಪ್‌ನವರ ಕೈಗೆ ಒಪ್ಪುವಂಥವು. ಹಾಗಾಗಿ ಈ ಲೆಕ್ಕವನ್ನು ಅಕ್ಷರಶಃ ಹಿಡಿಯಬೇಡಿ. ಕ್ಲಾ ಹಿಡಿತಕ್ಕೆ ಅದರ ಮೇಲೆ ಒಂದು, ಒಂದೂವರೆ ಸೆಂ.ಮೀ. ಉದ್ದ ಸೇರಿಸಿಕೊಳ್ಳಬಹುದು, ಪಾಮ್ ಹಿಡಿತಕ್ಕೆ ಇನ್ನೂ ಸ್ವಲ್ಪ. ಅದರಿಂದ ಆಗುವ ನಿಜವಾದ ಉಪಕಾರವೆಂದರೆ ನಿಮ್ಮ ಈಗಿನ ಮೌಸ್ ಎಷ್ಟು ದೂರದಲ್ಲಿದೆ ಎಂದು ತೋರಿಸುವುದು. 128 ಮಿ.ಮೀ. ಎಂದರೆ ನಿಮ್ಮ ಕೈಯುದ್ದದ ಶೇ 73. ಕೈ ಜರುಗದೆ ಇನ್ನೇನು ಮಾಡೀತು?

ಎತ್ತರವೂ ಅಷ್ಟೇ ಮುಖ್ಯ. 44 ಮಿ.ಮೀ. ಎತ್ತರದ ಬೆನ್ನಿನ ಮೇಲೆ ಚಿಕ್ಕ ಕೈ ಇಟ್ಟಾಗ ಅಂಗೈ ಮೇಲೇರುತ್ತದೆ, ಮಣಿಕಟ್ಟಿನ ಬುಡ ಮಾತ್ರ ಮೇಜಿನಲ್ಲೇ ಉಳಿಯುತ್ತದೆ. ಪರಿಣಾಮವಾಗಿ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಹೀಗೆ ಬಾಗಿದ ಸ್ಥಿತಿಯಲ್ಲಿ ಮಣಿಕಟ್ಟಿನ ಒಳಗಿನ ಕಿರಿದಾದ ಹಾದಿಯಲ್ಲಿ ಒತ್ತಡ ಏರುತ್ತದೆ. ಬೆರಳುಗಳನ್ನು ಮಡಚುವ ಸ್ನಾಯುರಜ್ಜುಗಳು, ಮೀಡಿಯನ್ ನರ ಎಲ್ಲವೂ ಸಾಗುವುದು ಅದೇ ಹಾದಿಯಲ್ಲಿ. ನೀವು ಬರೆದಿರುವ ಬಿಗಿತಕ್ಕೆ ಇದು ಮುಖ್ಯ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಇನ್ನು ಕಿರುಬೆರಳು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಬರೆಯಬೇಕು, ಏಕೆಂದರೆ ಮೌಸ್ ತಯಾರಿಸುವವರೂ ಕೊಳ್ಳುವವರೂ ಕಡೆಗಣಿಸುವ ಬೆರಳು ಇದು. ಬೆರಳುಗಳನ್ನು ಮೌಸಿನ ಮೇಲೆ ಹಂಚುವ ರೀತಿ ಎರಡು. ಹೆಬ್ಬೆರಳು ಎಡಕ್ಕೆ, ತೋರುಬೆರಳು ನಡುಬೆರಳು ಗುಂಡಿಗಳ ಮೇಲೆ, ಉಂಗುರಬೆರಳು ಕಿರುಬೆರಳು ಎರಡೂ ಬಲಪಕ್ಕಕ್ಕೆ. ಇದು ಒಂದು ಬಗೆ. ಉಂಗುರಬೆರಳೂ ಮೇಲೆಯೇ ಕುಳಿತು ಬಲಪಕ್ಕವನ್ನು ಕಿರುಬೆರಳೊಂದೇ ಹಿಡಿಯುವುದು ಇನ್ನೊಂದು ಬಗೆ. ಬಲಗೈಯವರಿಗೆಂದೇ ಮಾಡಿದ ದೊಡ್ಡ ಮೌಸುಗಳಲ್ಲಿ ಹಲವು ಉಂಗುರಬೆರಳಿಗೆ ಮೇಲ್ಭಾಗದಲ್ಲೇ ಇಳಿಜಾರಾದ ಜಾಗ ಬಿಟ್ಟಿರುತ್ತವೆ. ಅಗಲವಾದ ಕೈಗೆ ಅದು ಹಿತ. ನಿಮ್ಮ ಅಳತೆಯ ಕೈಯಲ್ಲಿ ಕಿರುಬೆರಳು ಒಂಟಿಯಾಗಿ ಹೊರಚಾಚಿ, ಹೆಬ್ಬೆರಳ ಬಲಕ್ಕೆ ಎದುರಾಗಿ ಮೌಸನ್ನು ಒತ್ತಿ ಹಿಡಿಯಬೇಕಾಗುತ್ತದೆ. ಪ್ರತಿ ಬಾರಿ ಮೌಸನ್ನು ಎತ್ತಿ ಮತ್ತೆ ಇಡುವಾಗಲೂ ಆ ಸಣ್ಣ ಬೆರಳು ಅರ್ಧ ಭಾರ ಹೊರುತ್ತದೆ. ಗಂಟೆಗೆ ಎಷ್ಟು ಬಾರಿ ಎತ್ತುತ್ತೀರಿ ಎಂದು ಒಮ್ಮೆ ಎಣಿಸಿ ನೋಡಿ, ಸೆಳೆತದ ಬಗ್ಗೆ ಅಚ್ಚರಿ ಉಳಿಯುವುದಿಲ್ಲ.

ಆದ್ದರಿಂದ ನಿಮಗೆ ಉಂಗುರಬೆರಳೂ ಕಿರುಬೆರಳೂ ಜೊತೆಯಾಗಿ ಬಲಪಕ್ಕದಲ್ಲಿ ಕೂರುವಂಥ, ಎಡಬಲ ಒಂದೇ ಸಮನಾದ ಆಕಾರದ ಮೌಸ್ ಒಳ್ಳೆಯದು. ಅದರ ಪಕ್ಕದ ಗೋಡೆಗಳನ್ನೂ ಗಮನಿಸಿ. ಮೇಲಿನಿಂದ ಕೆಳಕ್ಕೆ ತುಸು ಒಳಮುಖವಾಗಿ ಇಳಿದಿದ್ದರೆ ಬೆರಳುಗಳು ಅಂಚಿನಡಿ ಸಿಕ್ಕಿಕೊಂಡು, ಒತ್ತದೆಯೇ ಮೌಸ್ ಎತ್ತಬಹುದು. ಗೋಡೆ ಹೊರಮುಖವಾಗಿ ಚಾಚಿದ್ದರೆ ಎತ್ತುವಾಗಲೆಲ್ಲ ಬೆರಳು ಜಾರುತ್ತದೆ, ಜಾರದಿರಲೆಂದು ಇನ್ನಷ್ಟು ಹಿಂಡುತ್ತೀರಿ. ಕೈ ಬೆವರುವ ಸ್ವಭಾವವಿದ್ದರೆ ಪಕ್ಕಕ್ಕೆ ಅಂಟಿಸುವ ತೆಳುವಾದ ಗ್ರಿಪ್ ಟೇಪ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹಿಡಿಯಲು ಬೇಕಾದ ಬಲ ಕಡಿಮೆಯಾದಷ್ಟೂ ಕೈ ಹೆಚ್ಚು ಹೊತ್ತು ಬಾಳುತ್ತದೆ.

ತೂಕದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಪಾಮ್ ಹಿಡಿತದವರು 80, 90 ಗ್ರಾಂ ಮೌಸನ್ನೂ ಆರಾಮವಾಗಿ ಬಳಸುತ್ತಾರೆ, ಏಕೆಂದರೆ ತೋಳು ದೂಡುತ್ತದೆ. ಬೆರಳಿನಿಂದ ಆಡುವವರಿಗೆ ಗ್ರಾಂ ಗ್ರಾಂ ಲೆಕ್ಕಕ್ಕೆ ಬರುತ್ತದೆ. ನೀವು 70 ಗ್ರಾಂ ಒಳಗೆ ನೋಡಿಕೊಳ್ಳಿ, 50ರ ಹಿಂದೆ ಓಡಬೇಡಿ. ಆಕಾರ ಹೊಂದದ 45 ಗ್ರಾಂ ಮೌಸಿಗಿಂತ ಆಕಾರ ಹೊಂದಿದ 65 ಗ್ರಾಂ ಮೌಸ್ ಕೈಗೆ ಹಗುರ.

ಡಿಪಿಐ ಬಗ್ಗೆ ನೇರವಾಗಿ ಹೇಳುತ್ತೇನೆ: 30,000 ಎಂಬ ಅಂಕಿಗಾಗಿ ಹೆಚ್ಚು ಹಣ ಕೊಡಬೇಡಿ. ಸ್ಪರ್ಧೆಗಳಲ್ಲಿ ಆಡುವವರು ಹೆಚ್ಚಾಗಿ 400ರಿಂದ 1600ರ ನಡುವೆಯೇ ಇಟ್ಟುಕೊಳ್ಳುತ್ತಾರೆ. ಇಂದು ಹೆಸರಿರುವ ಯಾವ ಕಂಪನಿಯ ಗೇಮಿಂಗ್ ಮೌಸ್ ತೆಗೆದುಕೊಂಡರೂ ಸೆನ್ಸರ್ ನಿಮ್ಮ ಆಟಕ್ಕೆ ಅಡ್ಡಿಯಾಗುವುದಿಲ್ಲ. 1000 ಹರ್ಟ್ಜ್ ಪೋಲಿಂಗ್ ರೇಟ್ ಎಂದರೆ ಮಿಲಿಸೆಕೆಂಡಿಗೊಮ್ಮೆ ಮೌಸ್ ತನ್ನ ಚಲನೆಯನ್ನು ಕಂಪ್ಯೂಟರಿಗೆ ತಿಳಿಸುತ್ತದೆ, ಅದು ಸಾಕು. ಸೆನ್ಸರ್ ಕುರಿತು ನೋಡಲೇಬೇಕಾದದ್ದು ಒಂದಿದ್ದರೆ, ಅದು ಮೌಸಿನ ಹೊಟ್ಟೆಯಲ್ಲಿ ಎಲ್ಲಿದೆ ಎಂಬುದು. ಮಣಿಕಟ್ಟನ್ನು ಊರಿ ತಿರುಗಿಸುವಾಗ ಸೆನ್ಸರ್ ಮುಂದಿದ್ದಷ್ಟೂ ಅದು ಕ್ರಮಿಸುವ ಕಮಾನು ದೊಡ್ಡದು, ಪರದೆಯ ಮೇಲಿನ ಚಲನೆಯೂ ದೊಡ್ಡದು. ಡಿಪಿಐ ಒಂದೇ ಇಟ್ಟರೂ ಹೊಸ ಮೌಸ್ ಬೇರೆಯಾಗಿ ಅನ್ನಿಸುವುದಕ್ಕೆ ಅನೇಕ ಸಲ ಇದೇ ಕಾರಣ.

ಈಗ ಮಾದರಿಗಳು. ನಿಮ್ಮ ಈಗಿನ ಅಳತೆಯ ಮೌಸುಗಳಿಗೆ ಒಳ್ಳೆಯ ಉದಾಹರಣೆ 128 ಮಿ.ಮೀ. ಉದ್ದ, 44 ಮಿ.ಮೀ. ಎತ್ತರದ ರೇಜರ್ ಡೆತ್‌ಆ್ಯಡರ್ ವಿ3. ದೊಡ್ಡ ಕೈಯ ಪಾಮ್ ಹಿಡಿತಕ್ಕೆ ಅದು ಅತ್ಯುತ್ತಮ ಆಕಾರ, ಅದರಲ್ಲಿ ತಪ್ಪಿಲ್ಲ, ನಿಮ್ಮ ಅಳತೆಯ ಕೈಗೆ ಅಲ್ಲ ಅಷ್ಟೇ. ಎಲ್ಲರೂ ಹೇಳುವ ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 125 ಮಿ.ಮೀ. ಉದ್ದ, 63.5 ಅಗಲ, 40 ಎತ್ತರ. ಮೊಟ್ಟೆಯಂತೆ ದುಂಡಗಿನ ಆ ಆಕಾರ ಬಹಳ ಕೈಗಳಿಗೆ ಹೊಂದುತ್ತದೆ, ಆದರೆ 17.5 ಸೆಂ.ಮೀ. ಕೈಗೆ ಅದೂ ತುಸು ಹೆಚ್ಚೇ. ರೇಜರ್ ವೈಪರ್ ವಿ2 ಪ್ರೊ ಎತ್ತರದಲ್ಲಿ 37.8 ಮಿ.ಮೀ., ಹಿಡಿತದ ಅಗಲ 57.6, ಇವೆರಡೂ ನಿಮಗೆ ಸರಿ. ಉದ್ದ ಮಾತ್ರ 126.7. ಮೇಲಾಗಿ ಅದರ ಬೆನ್ನು ಚಪ್ಪಟೆ, ಕ್ಲಾ ಹಿಡಿತಕ್ಕೆ ಗಟ್ಟಿ ಆಸರೆ ಬೇಕೆನ್ನುವವರಿಗೆ ಕೈಯಲ್ಲಿ ಏನೂ ತುಂಬಿದಂತೆ ಅನ್ನಿಸುವುದಿಲ್ಲ.

ನಾನಾಗಿದ್ದರೆ ಮೊದಲು ಲಾಜಿಟೆಕ್ ಜಿ305 ಅಥವಾ ಅದೇ ಮೈಕಟ್ಟಿನ ತಂತಿಯ ಜಿ203 ಹಿಡಿದು ನೋಡುತ್ತಿದ್ದೆ. ಉದ್ದ 116.6, ಎತ್ತರ 38.2, ಅಗಲ 62 ಮಿ.ಮೀ. ಸಣ್ಣ, ಮಧ್ಯಮ ಕೈಗಳ ಕ್ಲಾ ಹಿಡಿತಕ್ಕೆ ಅಂಗೈಯಲ್ಲಿ ಚೆನ್ನಾಗಿ ನೆಲೆ ನಿಲ್ಲುವ ಆಕಾರ ಅದು. ಜಿ305ರ ದೋಷ ತೂಕ: ಎಎ ಬ್ಯಾಟರಿ ಸೇರಿ 99 ಗ್ರಾಂ. ಸಾಮಾನ್ಯ ಕ್ಷಾರೀಯ ಬ್ಯಾಟರಿಯ ಬದಲು ಲಿಥಿಯಂ ಎಎ ಹಾಕಿದರೆ ಏಳೆಂಟು ಗ್ರಾಂ ಇಳಿಯುತ್ತದೆ, ಹಿಂಬದಿಯ ಭಾರವೂ ಕಡಿಮೆಯಾಗುತ್ತದೆ. ಆಕಾರ ಒಪ್ಪಿತು, ತೂಕ ಒಪ್ಪಲಿಲ್ಲ ಎಂದಾದರೆ ಹೆಚ್ಚುಕಡಿಮೆ ಅದೇ ಅಳತೆಯ ಹಗುರ ಮೌಸುಗಳಿವೆ: ಪಲ್ಸರ್ ಎಕ್ಸ್2ರ ಮಿನಿ ಗಾತ್ರದಂಥವು. ಹೀಗೆ ಮೊದಲು ಆಕಾರವನ್ನು ಖಚಿತಪಡಿಸಿಕೊಂಡು ಆಮೇಲೆ ದುಬಾರಿ ಮೌಸಿಗೆ ಹೋಗುವುದು ಕ್ಷೇಮ.

ಬಲಗೈ ಆಕಾರದ ಮೌಸನ್ನೇ ಕೈ ಬಯಸುತ್ತಿದೆ ಎಂದಿಟ್ಟುಕೊಳ್ಳಿ. ಕೆಲವರ ಮಣಿಕಟ್ಟಿಗೆ ಆ ಓರೆ ಹಿತವಾಗಿರುವುದು ನಿಜ. ಆಗ ಜೋವಿ ಕಂಪನಿಯ ಇಸಿ ಸರಣಿ ನೋಡಿ. 1999ರಲ್ಲಿ ಮೈಕ್ರೋಸಾಫ್ಟ್ ತಂದ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ವಂಶದ ಆಕಾರವದು. ಒಂದೇ ಆಕಾರವನ್ನು ಇಸಿ1, ಇಸಿ2, ಇಸಿ3 ಎಂದು ದೊಡ್ಡದರಿಂದ ಚಿಕ್ಕದಕ್ಕೆ ಮೂರು ಗಾತ್ರಗಳಲ್ಲಿ ಕೊಟ್ಟಿದ್ದಾರೆ. ಚಪ್ಪಲಿಗೆ ಅಳತೆ ಇರುವ ಹಾಗೆ ಮೌಸಿಗೂ ಇರಬೇಕೆಂದು ನಾನು ಬಹಳ ಕಾಲದಿಂದ ಬಯಸುತ್ತ ಬಂದವನು, ಆದ್ದರಿಂದ ಈ ಪದ್ಧತಿಯ ಮೇಲೆ ನನಗೆ ವಿಶೇಷ ಅಕ್ಕರೆ. ನಿಮಗೆ ಇಸಿ3.

ಹೊಸದನ್ನು ಕೈಗೆತ್ತಿಕೊಂಡಾಗ ಮೊದಲ ಐದು ನಿಮಿಷದ ಅನಿಸಿಕೆಯನ್ನು ನಂಬಬೇಡಿ. ಹಳೆಯ ದೊಡ್ಡ ಮೌಸಿಗೆ ಒಗ್ಗಿದ ಕೈಗೆ ಸರಿಯಾದ ಮೌಸ್ ಆಟಿಕೆಯಂತೆ ಕಾಣುತ್ತದೆ. ನೋಡಬೇಕಾದ್ದು ಬೇರೆ: ಬೆರಳ ತುದಿ ಸ್ಕ್ರಾಲ್ ಚಕ್ರದ ಪಕ್ಕದ ಆಸುಪಾಸಿನಲ್ಲಿ ಸಹಜವಾಗಿ ಬೀಳುತ್ತದೆಯೇ, ಹೆಬ್ಬೆರಳು ಹಿಡಿತ ಸಡಿಲಿಸದೆ ಎರಡೂ ಪಕ್ಕದ ಗುಂಡಿಗಳನ್ನು ಮುಟ್ಟುತ್ತದೆಯೇ, ಕಿರುಬೆರಳು ಮೌಸ್ ಪ್ಯಾಡಿನ ಮೇಲೆ ಉಜ್ಜುತ್ತದೆಯೇ. ಕೊನೆಯದಾಗಿ ಮೌಸನ್ನು ಎತ್ತಿ ಹಿಡಿದು, ಬೀಳುವ ಅಂಚಿನವರೆಗೆ ಬೆರಳುಗಳನ್ನು ಮೆಲ್ಲಗೆ ಸಡಿಲಿಸಿ. ಎಷ್ಟು ಕಡಿಮೆ ಬಲದಲ್ಲಿ ಅದು ಕೈಯಲ್ಲಿ ನಿಲ್ಲುತ್ತದೋ ಅಷ್ಟು ಅದು ನಿಮ್ಮದು. ಕೊಂಡ ಬಳಿಕ ಎರಡು ವಾರ ಸೆನ್ಸಿಟಿವಿಟಿಯನ್ನು, ಅಂದರೆ ಮೌಸ್ ಸರಿದಷ್ಟಕ್ಕೆ ಆಟದಲ್ಲಿ ನೋಟ ಎಷ್ಟು ತಿರುಗಬೇಕೆಂಬ ಹೊಂದಿಕೆಯನ್ನು, ಬದಲಿಸದೆ ಆಡಿ. ಮೌಸ್, ಪ್ಯಾಡ್, ಸೆನ್ಸಿಟಿವಿಟಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಹಿತ ತಂದಿತು, ಯಾವುದು ಕೆಡಿಸಿತು ಎಂದು ತಿಳಿಯುವುದೇ ಇಲ್ಲ.

ಮೌಸ್ ಬದಲಿಸಿದ ಮೇಲೂ ಮಣಿಕಟ್ಟಿನ ಬಿಗಿತ ಹಾಗೆಯೇ ಉಳಿದರೆ ಮೇಜಿನ ಎತ್ತರ ನೋಡಿ. ಭುಜ ಸಡಿಲವಾಗಿದ್ದು ಮೊಣಕೈ ಸುಮಾರು ಲಂಬಕೋನದಲ್ಲಿ ಮಡಚಿದಾಗ ಮುಂಗೈ ಮೇಜಿನ ಮೇಲೆ ನೇರವಾಗಿ ಒರಗಬೇಕು. ಸೆನ್ಸಿಟಿವಿಟಿ ತೀರಾ ಹೆಚ್ಚಿಟ್ಟು ಇಡೀ ಆಟವನ್ನು ಮಣಿಕಟ್ಟಿನಿಂದಲೇ ಆಡುವವರು, ಅದನ್ನು ಸ್ವಲ್ಪ ಇಳಿಸಿ ದೊಡ್ಡ ತಿರುವುಗಳನ್ನು ತೋಳಿಗೆ ಬಿಟ್ಟುಕೊಟ್ಟರೆ ಎಷ್ಟೋ ನಿರಾಳ.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ನೀವು ಬರೆದಿರುವುದು ಸೆಳೆತ, ಬಿಗಿತ. ಅದರ ಬದಲು ಜೋಮು ಹಿಡಿಯುವುದು, ಮರಗಟ್ಟುವುದು, ರಾತ್ರಿ ನಿದ್ದೆಯಲ್ಲಿ ಬೆರಳು ಚುಚ್ಚಿ ಎಚ್ಚರವಾಗುವುದು ಶುರುವಾದರೆ ಅದು ನರದ ಸಂಗತಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಾದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿರಬಹುದು. ಕಿರುಬೆರಳು, ಉಂಗುರಬೆರಳಿನಲ್ಲಾದರೆ ಅಲ್ನಾರ್ ನರ, ಅದು ಮೊಣಕೈಯಲ್ಲಿಯೂ ಒತ್ತಿರಬಹುದು. ಆಗ ಇನ್ನೊಂದು ಮೌಸ್ ಹುಡುಕುತ್ತ ಕೂರಬೇಡಿ. ಆಟ ನಿಲ್ಲಿಸಿ ವೈದ್ಯರಿಗೆ ಕೈ ತೋರಿಸಿ, ಯಾವ ಬೆರಳು, ಎಷ್ಟು ಹೊತ್ತಿಗೆ, ಯಾವ ಭಂಗಿಯಲ್ಲಿ ಎಂದು ಈ ಪತ್ರದಲ್ಲಿ ಬರೆದಷ್ಟೇ ಸ್ಪಷ್ಟವಾಗಿ ಅವರಿಗೂ ತಿಳಿಸಿ.